ನಾಯಿ ಪುಸ್ತಕದ ಕೊನೆಯ ಹಾಳೆಗಳು

ಪುಕೆಕೊಹೆ
6 ಆಗಸ್ಟ್ 2017

ಮೋಹ್ಯಾ,

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿದು ಬುಟ್ಟಿಗೆ ಹಾಕುವ ಮೊದಲು ಒಂದು ಪುಟವಾದರೂ ಓದು. ಆರು ವರ್ಷದಿಂದ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಮಾಡು. ಅಂಚೆಯವನನ್ನು ಬ್ಲಾಕ್ ಮಾಡುವುದು ನಿನಗೂ ಬರುವುದಿಲ್ಲ. ವಿಳಾಸ ಕೊಟ್ಟವರು ನಿಮ್ಮ ಹ್ಯಾಮಿಲ್ಟನ್ನಿನ ಅರುಂಧತಿ ಆಂಟಿ. ಅವರ ಮೇಲೆ ಸಿಟ್ಟಾಗಬೇಡ, ಗಂಟುಬಿದ್ದವನು ನಾನು.

ಪೂರ್ವಿಗೆ ಈಗ ಹತ್ತು ವರ್ಷ. ನೀನು ಪೆನ್‌ರೋಸಿನ ನಮ್ಮ ಮನೆಯಲ್ಲಿದ್ದಾಗ ನಿನ್ನ ಬೆನ್ನ ಮೇಲೆ ಕೂತು ಇಡೀ ಮನೆ ಸುತ್ತುತ್ತಿದ್ದವಳು. ಈಗ ನಾನು ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಅವಳ ಶಾಲೆಯಲ್ಲಿ ಈ ಸಲ ಒಂದು ಹಳೆಯ ಕಾದಂಬರಿ ಓದಿಸಿದರು. ಒಬ್ಬ ಹುಡುಗ, ಅವನ ಎರಡು ಬೇಟೆ ನಾಯಿ, ಗುಡ್ಡ, ಹೊಳೆ. ಮೊದಲ ದಿನ ಅವಳು ಕಥೆ ಹೇಳುತ್ತಿದ್ದಂತೆ ನನಗೆ ಮೈ ಜುಮ್ಮೆಂದಿತು. ಲೇ, ನಮ್ಮ ನಾಯಿ ಪುಸ್ತಕ! ಲೋಕಾಪುರದ ಲೈಬ್ರರಿಯಲ್ಲಿ ರಟ್ಟು ಕಿತ್ತುಹೋಗಿ, ಹೆಸರೇ ಗೊತ್ತಿಲ್ಲದೆ ನಾವಿಬ್ಬರೂ ಕನ್ನಡದಲ್ಲಿ ಓದಿದೆವಲ್ಲ, ಅದೇ. ಈಗ ಅದರ ನಿಜವಾದ ಹೆಸರು ಗೊತ್ತಾಗಿದೆ. ಏನು ಮಾಡಲಿ, ನನ್ನ ಬಾಯಿಗೆ ಅದು ನಾಯಿ ಪುಸ್ತಕ ಎಂದೇ ಬರುತ್ತದೆ.

ಈ ಕಥೆಯನ್ನು ನಾನು ಪೂರ್ವಿಗೆ ಅವಳು ಮೂರು ವರ್ಷದವಳಿದ್ದಾಗಿನಿಂದ ಹೇಳಿದ್ದೇನೆ. ಕೊನೆಗೆ ಎರಡೂ ನಾಯಿ ಗುಡ್ಡ ಹತ್ತಿ ಆಚೆ ಇಳಿದು, ದೊಡ್ಡ ಬಯಲಿನಲ್ಲಿ ಮೊಲ ಅಟ್ಟಿಕೊಂಡು ಹೋಗುತ್ತವೆ, ಹುಡುಗ ಕಲ್ಲಿನ ಮೇಲೆ ಕೂತು ನೋಡುತ್ತಾನೆ, ಹೌದಲ್ಲ? ಪೂರ್ವಿ ತರಗತಿಯಲ್ಲಿ ಎದ್ದು ನಿಂತು, ತನಗೆ ಕೊನೆ ಗೊತ್ತು, ನಾಯಿಗಳು ಬದುಕುತ್ತವೆ, ಯಾರೂ ಹೆದರಬೇಡಿ ಎಂದು ಹೇಳಿಬಿಟ್ಟಿದ್ದಾಳೆ. ಮುಂದಿನ ವಾರ ಟೀಚರ್ ಕೊನೆಯ ಅಧ್ಯಾಯ ಓದಿದರು. ಎರಡೂ ಸಾಯುತ್ತವೆ, ಮೋಹ್ಯಾ. ಒಂದು ಗಾಯದಿಂದ, ಇನ್ನೊಂದು ಅದರ ಚಿಂತೆಯಿಂದ. ಇಡೀ ಕ್ಲಾಸು ಅತ್ತಿತಂತೆ. ನನ್ನ ಮಗಳು ಅಳಲಿಲ್ಲ. ಮನೆಗೆ ಬಂದು ಬ್ಯಾಗ್ ಎಸೆದು, "ಯು ಲೈಡ್, ಅಪ್ಪಾ" ಎಂದಳು. ಆಮೇಲೆ ನಾಲ್ಕು ದಿನ ಮಾತಿಲ್ಲ.

ಆ ಕೊನೆ ಪುಸ್ತಕದ್ದಲ್ಲ, ನನ್ನದು. ಕೊನೆಯ ಹಾಳೆ ಗೆದ್ದಲು ತಿಂದವೆಂದು ನಿನಗೆ ಹೇಳಿದೆನಲ್ಲ, ಗೆದ್ದಲು ನಾನೇ. ನಿನಗಿಂತ ಮೊದಲು ಓದಿ ಮುಗಿಸಿ, ಒಂಬತ್ತು ಹಾಳೆ ಕಿತ್ತು ನಮ್ಮ ಒಲೆಗೆ ಹಾಕಿದೆ. ಆಗ ನಿನ್ನ ಬೇಟೆ ನಾಯಿ ಬಿಜಲಿ, ಕಾಡುಹಂದಿ ತಿವಿದು ಹೊಟ್ಟೆ ಹರಿದುಕೊಂಡು ಮಲಗಿತ್ತು. ನೀನು ಅದರ ಪಕ್ಕ ಕೂತು ಅದಕ್ಕೇ ಓದಿ ಹೇಳುತ್ತಿದ್ದೆ. ಆ ಹಾಳೆ ನಿನ್ನ ಕೈಗೆ ಹೇಗೆ ಕೊಡಲಿ?

ಮೂವತ್ತು ವರ್ಷ ಹೇಳಿ ಹೇಳಿ ನನಗೇ ನನ್ನ ಸುಳ್ಳು ಖರೇ ಆಗಿಹೋಗಿತ್ತು. ಇದನ್ನು ಹೇಳಿಕೊಳ್ಳಲು ನಿನ್ನನ್ನು ಬಿಟ್ಟರೆ ಈ ದೇಶದಲ್ಲಿ ನನಗೆ ಬೇರೆ ಯಾರೂ ಇಲ್ಲ.

ಬೈಯಲಿಕ್ಕಾದರೂ ಎರಡು ಸಾಲು ಬರಿ.

ನಿನ್ನ
ಮಂಜ್ಯಾ


ಹ್ಯಾಮಿಲ್ಟನ್
27 ಆಗಸ್ಟ್ 2017

ಮಂಜುನಾಥ,

ಪತ್ರ ತಲುಪಿತು. ನಾನು ಹರಿಯಲು ಹೋಗಿದ್ದೆ. ರಮಾ ಕೈ ಹಿಡಿದು ತಡೆದಳು. ನೀನು ಅವಳನ್ನು ನೋಡಿಲ್ಲ. ಮದುವೆಗೆ ನಾನು ನಿನ್ನನ್ನು ಕರೆದಿರಲಿಲ್ಲ.

ಹಾಳೆ ಕಿತ್ತವನು ನೀನೆಂದು ಓದಿ ನನಗೆ ಆಶ್ಚರ್ಯವೇ ಆಗಲಿಲ್ಲ. ಅದು ನಿನ್ನ ಹುಟ್ಟುಗುಣ. ನಾನು ಏನನ್ನು ತಡೆದುಕೊಳ್ಳುತ್ತೇನೆ, ಏನನ್ನು ತಡೆದುಕೊಳ್ಳುವುದಿಲ್ಲ ಎಂದು ತೀರ್ಮಾನ ಮಾಡುವವನು ನೀನು. ನನ್ನ ಅವ್ವ ಬುಧವಾರ ರಾತ್ರಿ ತೀರಿಕೊಂಡಳು. ಗುರುವಾರ ಬೆಳಿಗ್ಗೆ ನಿನಗೆ ಫೋನ್ ಬಂತು. ನೀನು ನನಗೆ ಉಪ್ಪಿಟ್ಟು ಮಾಡಿಕೊಟ್ಟು, ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೊನೆಯ ಪರೀಕ್ಷೆಗೆ ಬಿಟ್ಟು ಬಂದೆ. ದಾರಿಯಲ್ಲಿ ರೇಡಿಯೋ ಹಾಕಿದ್ದೆ, ಮಂಜುನಾಥ. ಅದರ ಜೊತೆ ನಾನು ಸಿಳ್ಳೆ ಹಾಕಿದೆ. ಅವ್ವನ ಹೆಣ ಅಂಗಳದಲ್ಲಿರುವಾಗ ಮಗ ಸಿಳ್ಳೆ ಹಾಕುತ್ತಿದ್ದ. ನೀನು ಬಾಯಿ ಬಿಟ್ಟದ್ದು ಶುಕ್ರವಾರ. ಅಷ್ಟರಲ್ಲಿ ಮಣ್ಣಾಗಿತ್ತು.

ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ, ದೂರ ಇದ್ದವರಿಗೆ ತಡೆದು ತಡೆದು ಹೇಳುತ್ತಾರೆ ಎಂದು ಆಗ ನೀನು ಹೇಳಿದೆ. ಹೌದು, ಮಾಡುತ್ತಾರೆ. ನೀನು ಎಲ್ಲರಂಥವನಲ್ಲ ಎಂದು ನಾನು ತಿಳಿದಿದ್ದೆ.

ಮಗಳಿಗೆ ಕ್ಷಮೆ ಕೇಳು. ನನಗೆ ಬರೆಯುವುದು ಬೇಡ.

ಮೋಹನ


ಪುಕೆಕೊಹೆ
9 ಸೆಪ್ಟೆಂಬರ್ 2017

ಮೋಹ್ಯಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ನನ್ನ ಹೆಸರನ್ನು ಪೂರ್ತಿ ಬರೆದಿದ್ದೀಯಲ್ಲ, ಅದನ್ನು ನೋಡಿ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ನೀನು ಬರೆದದ್ದೆಲ್ಲ ಖರೇ. ವಾದ ಮಾಡಲು ನನ್ನ ಹತ್ತಿರ ಏನೂ ಇಲ್ಲ.

ಇಲ್ಲಿ ಈರುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ನನ್ನ ಕೆಲಸ. ಜೊತೆಯಲ್ಲಿ ವಿರೆಮು ಎಂಬ ಮಾವೊರಿ ಮನುಷ್ಯನಿದ್ದಾನೆ, ಈ ನೆಲದ ಮೂಲದವನು. ಶನಿವಾರ ಬಂತೆಂದರೆ ಯೂಟ್ ಗಾಡಿಯ ಹಿಂದೆ ಮೂರು ನಾಯಿ ಹತ್ತಿಸಿಕೊಂಡು ಕಾಡುಹಂದಿ ಬೇಟೆಗೆ ಹೋಗುತ್ತಾನೆ. ಮೊದಲ ಸಲ ಅವನ ನಾಯಿಗಳನ್ನು ನೋಡಿ ನನಗೆ ನಗು ಬಂತು. ದಪ್ಪ ಕುತ್ತಿಗೆ, ಅಗಲ ಎದೆ, ಕಿವಿಯೆಲ್ಲ ಹರಿದು ಚಿಂದಿ. ನಮ್ಮ ಮುಧೋಳದ ನಾಯಿ ನೋಡಿದ ಕಣ್ಣಿಗೆ ಇವು ನಾಯಿಯೇ? ಬಿಜಲಿಯ ನಡು ಎರಡು ಕೈಯ ಹಿಡಿಗೆ ಸಿಗುತ್ತಿತ್ತು. ಓಡಿದರೆ ನೆಲ ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಿನ್ನ ಬಿಜಲಿ, ನನ್ನ ಸರದಾರ. ಜೋಳ ಕೊಯ್ದ ಹೊಲದಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವೆ ನಾವಿಬ್ಬರೂ ಚಡ್ಡಿ ಹಿಡಿದುಕೊಂಡು "ಹಿಡಿ! ಹಿಡಿ!" ಎಂದು ಕೂಗುತ್ತ ಓಡಿದ್ದೇ ಓಡಿದ್ದು. ಒಂದು ಮೊಲವನ್ನೂ ನಾವು ಕೈಯಾರೆ ಹಿಡಿದದ್ದು ನೆನಪಿಲ್ಲ. ಮನೆಯಲ್ಲಿ ನಮಗಿಲ್ಲದ ತತ್ತಿ ಅವಕ್ಕೆ. "ಹುಡುಗರು ನಾಯೀನ ಸಾಕ್ಯಾರೋ, ನಾಯಿ ಹುಡುಗರ್ನ ಸಾಕ್ಯಾವೋ" ಎಂದು ನಿಮ್ಮವ್ವ ಬೈಯುತ್ತಿದ್ದಳು. ಬೈದು, ನುಚ್ಚಿಗೆ ಮಜ್ಜಿಗೆ ಸುರಿದು ಅವಳೇ ಮುಂದಿಡುತ್ತಿದ್ದಳು.

ವಿರೆಮುವಿನ ಒಂದು ಹೆಣ್ಣು ನಾಯಿಗೆ ವಯಸ್ಸಾಗಿ ಬೇಟೆಗೆ ಆಗದಾಯಿತು. ಟುಯಿ ಅಂತ ಹೆಸರು. "ನಿನ್ನ ಮಗಳು ಹೆಂಗೂ ಅದರ ಜೋಡಿನೇ ಇರ್ತಾಳ" ಎಂಬರ್ಥದ ಮಾತು ಹೇಳಿ ನಮ್ಮ ಮನೆಗೆ ತಂದುಬಿಟ್ಟ. ಮೂರು ವರ್ಷವಾಯಿತು. ಪೂರ್ವಿ ಅದರ ಹರಿದ ಕಿವಿ ಹಿಡಿದುಕೊಂಡು ಟಿವಿ ನೋಡುತ್ತಾಳೆ. ನಾಯಿ ಪುಸ್ತಕದ ಕಥೆಯನ್ನು ಅದಕ್ಕೂ ಹೇಳಿದ್ದಾಳೆ, ನನ್ನ ಕೊನೆಯನ್ನೇ.

ಈಗ ವಿಷಯಕ್ಕೆ ಬರುತ್ತೇನೆ. ಟುಯಿಯ ಎರಡೂ ಕಿಡ್ನಿ ಹೋಗಿವೆ. ಗುಳಿಗೆಯಲ್ಲಿ ಒಂದೆರಡು ತಿಂಗಳು ತಳ್ಳಬಹುದು, ಆಮೇಲೆ ನರಳಾಟ, ಅದಕ್ಕೆ ಮೊದಲೇ ಸೂಜಿ ಹಾಕಿ ಶಾಶ್ವತವಾಗಿ ಮಲಗಿಸುವುದು ಒಳ್ಳೆಯದು ಎಂದು ನಾಯಿ ಡಾಕ್ಟರು ಹೇಳಿದ್ದಾರೆ. ಪೂರ್ವಿಗೆ ಏನೂ ಗೊತ್ತಿಲ್ಲ. ನವೆಂಬರ್ ಮೊದಲ ವಾರ ಅವಳಿಗೆ ಶಾಲೆಯ ಕ್ಯಾಂಪ್ ಇದೆ, ಐದು ದಿನ. ಅವಳಮ್ಮ ಕೃಪಾ ಹೇಳುತ್ತಾಳೆ, "ಅವ್ಳು ಬರೋಷ್ಟ್ರಲ್ಲಿ ಮುಗ್ಸಿಬಿಡೋಣ ರೀ. ವಿರೆಮು ಅವ್ರ ಅಣ್ಣನ ಫಾರ್ಮಿಗೆ ಕಳಿಸಿದ್ವಿ ಅನ್ನೋಣ. ಮಗು ಅದು, ತಡ್ಕೊಳಲ್ಲ." ನನ್ನ ಬಾಯಿಗೂ ಅದೇ ಬಂದಿತ್ತು. ಸಾಕ್ಷಾತ್ ಗುಡ್ಡದಾಚೆಯ ಬಯಲು, ನೋಡು.

ನಾನು ಏನು ಮಾಡಲಿ? ಸುಳ್ಳು ತಿಂದವನು ನೀನು. ರುಚಿ ನಿನಗೇ ಗೊತ್ತು. ನೀನು ಹೇಳಿದಂತೆ ಮಾಡುತ್ತೇನೆ.

ಮಂಜ್ಯಾ


ಹ್ಯಾಮಿಲ್ಟನ್
1 ಅಕ್ಟೋಬರ್ 2017

ಮಂಜ್ಯಾ,

ಇದನ್ನು ನಿನಗಾಗಿ ಬರೆಯುತ್ತಿಲ್ಲ. ನನ್ನ ಬೆನ್ನ ಮೇಲೆ ಸವಾರಿ ಮಾಡಿದ ಹುಡುಗಿಗಾಗಿ ಬರೆಯುತ್ತಿದ್ದೇನೆ.

ಬಿಜಲಿಯ ಹೊಟ್ಟೆ ಹರಿದ ದಿನ ನಿನಗೆ ನೆನಪಿದೆಯೋ ಇಲ್ಲವೋ. ಕಬ್ಬಿನ ಗದ್ದೆಯಿಂದ ಅದನ್ನು ಟವೆಲ್ಲಿನಲ್ಲಿ ಸುತ್ತಿ ನಾವಿಬ್ಬರೂ ಹೊತ್ತು ತಂದೆವು. ಅಪ್ಪ ಊರಲ್ಲಿರಲಿಲ್ಲ. ಅವ್ವ ಕೌದಿ ಹೊಲಿಯುತ್ತ ಕೂತಿದ್ದಳು. ನೋಡಿದಳು. ಕೌದಿ ಬದಿಗೆ ಸರಿಸಿ, ಅದೇ ಸೂಜಿಯನ್ನು ದೀಪಕ್ಕೆ ಹಿಡಿದು, ಅರಿಸಿನ ಕಲಸಿದಳು. ನಾನು ಓಡಿಹೋಗಲು ನೋಡಿದೆ. ಆಗ ಅವಳು, "ಎಲ್ಲಿಗಿ ಹೊಂಟಿ? ನಿನ್ನ ನಾಯಿ ಐತಿ, ನೀನ ಹಿಡಕೋ. ಉಳೀತೈತೋ ಇಲ್ಲೋ ನನಗ ಗೊತ್ತಿಲ್ಲ. ಸತ್ರ ನಿನ್ನ ತೊಡಿ ಮ್ಯಾಲ ಸಾಯ್ಲಿ" ಎಂದಳು. ಹತ್ತು ವರ್ಷದ ಹುಡುಗನಿಗೆ ಹೇಳುವ ಮಾತೇ ಅದು? ಆದರೆ ಹೇಳಿದಳು. ನಾನು ಹಿಡಿದುಕೊಂಡೆ. ಹನ್ನೊಂದು ಹೊಲಿಗೆ. ನೀನು ಬಾಗಿಲ ಹೊರಗೆ ಕಿವಿ ಮುಚ್ಚಿಕೊಂಡು ನಿಂತಿದ್ದೆ.

ಬಿಜಲಿ ಬದುಕಿತು. ಸತ್ತಿದ್ದರೂ ನನಗೆ ಅವ್ವನ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಪುಸ್ತಕದ ನಾಯಿ ಸತ್ತರೂ ನಾನು ತಡೆದುಕೊಳ್ಳುತ್ತಿದ್ದೆ. ತಡೆಯಲಾಗದವನು ನೀನು, ಮಂಜ್ಯಾ. ಅಳುವವರ ಮುಖ ನೋಡಲು ನಿನಗಾಗುವುದಿಲ್ಲ. ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡು ಓಡಾಡುತ್ತೀಯ.

ಪೂರ್ವಿಗೆ ಹೇಳು. ಕ್ಯಾಂಪಿಗೆ ಹೋಗುವ ಮೊದಲೇ ಹೇಳು. ಅವಳ ನಾಯಿ ಅವಳ ಕೈಯಲ್ಲೇ ಸಾಯಲಿ. ಫಾರ್ಮು ಗೀರ್ಮು ಅಂದೆಯೋ, ನಾನೇ ಬಂದು ಅವಳಿಗೆ ಹೇಳುತ್ತೇನೆ.

ಇನ್ನೊಂದು ಮಾತು, ಮೊದಲೇ ಬರೆಯಬೇಕಾಗಿತ್ತು. ಅವ್ವನ ವಿಷಯದಲ್ಲಿ ನಾನು ಹೇಗೋ ಉಳಿದುಕೊಂಡಿರುವುದು ಒಂದೇ ಕಾರಣಕ್ಕೆ. ಅವಳಿಗೆ ಒಮ್ಮೆಲೇ ಎಚ್ಚರ ತಪ್ಪಿತು, ಯಾರನ್ನೂ ಕೇಳಲಿಲ್ಲ ಎಂದು ಅಣ್ಣ ಹೇಳಿದ. ಕೇಳಿದ್ದಳು, ನಾನು ಹೋಗಲಿಲ್ಲ ಎಂದಾಗಿದ್ದರೆ ನಾನು ಬದುಕುತ್ತಿರಲಿಲ್ಲ. ಅಷ್ಟು ಸಮಾಧಾನ ದೇವರು ಕೊಟ್ಟಿದ್ದಾನೆ.

ಮೋಹನ


ಪುಕೆಕೊಹೆ
12 ನವೆಂಬರ್ 2017

ಮೋಹ್ಯಾ,

ಹೇಳಿದೆ.

ಕ್ಯಾಂಪಿಗೆ ಒಂಬತ್ತು ದಿನ ಮೊದಲು, ಊಟದ ಮೇಜಿನಲ್ಲಿ. ಕೃಪಾ ಎದ್ದು ಒಳಗೆ ಹೋದಳು. ಪೂರ್ವಿ ಕೂಗಾಡಿದಳು, ತಟ್ಟೆ ತಳ್ಳಿದಳು, ಬೇರೆ ಡಾಕ್ಟರಿಗೆ ತೋರಿಸು ಎಂದಳು. ನನಗೆ ಎದ್ದು ಓಡಿಹೋಗಬೇಕೆನಿಸಿತು. ನಿನ್ನ ಪತ್ರ ಜೇಬಿನಲ್ಲಿತ್ತು, ಕೂತೆ. ಕೊನೆಗೆ, "ವಿಲ್ ಇಟ್ ಹರ್ಟ್ ಹರ್?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಪುಟ್ಟಾ, ನೋವಾಗೂದಿಲ್ಲ ಅಂತ ಡಾಕ್ಟರ್ ಅಂತಾರ ಎಂದೆ. ಗೊತ್ತಿಲ್ಲ ಎಂದು ಮಗಳಿಗೆ ನಾನು ಹೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಶನಿವಾರ ಹೋದೆವು. ವಿರೆಮು ಬೇಟೆ ಬಿಟ್ಟು ಬಂದ. ಟುಯಿಯ ಮೂಗಿಗೆ ತನ್ನ ಮೂಗು ತಾಗಿಸಿ, ತನ್ನ ಭಾಷೆಯಲ್ಲಿ ಏನೋ ಹೇಳಿದ. ಪೂರ್ವಿ ನೆಲದ ಮೇಲೆ ಕೂತು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಬಾಗಿಲ ಹೊರಗೆ ನಿಲ್ಲಲಿಲ್ಲ, ಮೋಹ್ಯಾ. ಅವಳ ಪಕ್ಕದಲ್ಲಿ ಕೂತೆ. ಒಂದು ನಿಮಿಷವೂ ಆಗಲಿಲ್ಲ. ಅವಳು ಅತ್ತಳು, ನಾನೂ ಅತ್ತೆ. ವಿರೆಮು ನಮ್ಮಿಬ್ಬರಿಗೂ ಸೇರಿ ಒಂದೇ ಕರವಸ್ತ್ರ ಕೊಟ್ಟ.

ವಾಪಸು ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದು ಪ್ರಶ್ನೆ ಕೇಳಿದಳು, ಇಂಗ್ಲಿಷಿನಲ್ಲಿ: ಹೀಗೆ ಮುಚ್ಚಿಟ್ಟು ಆಮೇಲೆ ಹೇಳುವುದನ್ನು ನೀನು ಬೇರೆ ಯಾರಿಗಾದರೂ ಮಾಡಿದ್ದೀಯಾ? ಮೋಹನ ಕಾಕಾನಿಗೆ ಎಂದೆ. ಈಗ ಎಲ್ಲಾ ಹೇಳಿದ್ದೀಯಾ ಎಂದಳು.

ಎಲ್ಲಾ ಹೇಳಿಲ್ಲ.

ಈಗ ಬರೆಯುವುದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಿನ್ನ ಪತ್ರದ ಕೊನೆಯ ಮಾತು ಓದಿದ ಮೇಲೆ ಬರೆಯದೆ ಸತ್ತುಹೋಗುವುದೇ ಲೇಸು ಎಂದೂ ಅನಿಸಿತು. ಆ ಸಮಾಧಾನವನ್ನು ಕಿತ್ತುಕೊಂಡರೆ ನಿನಗೇನಾಗುತ್ತದೋ ಎಂಬ ಹೆದರಿಕೆ. ಆದರೆ ಅದು ಹಳೆಯ ಮಂಜ್ಯಾನ ಲೆಕ್ಕ. ನೀನು ಏನನ್ನು ತಡೆದುಕೊಳ್ಳುತ್ತೀ ಎಂದು ತೀರ್ಮಾನಿಸಲು ನಾನು ಯಾರು?

ಅದೇ ವಾರದ ಸೋಮವಾರ. ನಿನಗೆ ಮಧ್ಯಾಹ್ನದ ಪರೀಕ್ಷೆ, ಫೋನ್ ಬಂದ್ ಮಾಡಿ ಹೋಗಿದ್ದೆ. ಒಂದು ಗಂಟೆಗೆ, ಊರಲ್ಲಿ ಇನ್ನೂ ನಸುಕು, ನನ್ನ ನಂಬರಿಗೆ ಕರೆ ಬಂತು. ನಿಮ್ಮವ್ವ. ಮನೆಯಲ್ಲಿ ಯಾರೂ ಎದ್ದಿರಲಿಲ್ಲವಂತೆ, ಪಕ್ಕದ ಮನೆಯ ಹುಡುಗಿಯಿಂದ ನಂಬರ್ ಒತ್ತಿಸಿದ್ದಳು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಮಂಜ್ಯಾ, ಮೋಹನಗ ಒಂದ ಸಲ ಬಂದು ಹೋಗು ಅನ್ನಪಾ. ಎದಿಯಾಗ ಯಾಕೋ ನೆಟ್ಟಗಿಲ್ಲ. ಇವ್ರಿಗಿ ಹೇಳಿಲ್ಲ, ಸುಮ್ನ ಗಾಬರಿ ಆಗ್ತಾರ. ಅಂವನ ಮಾರಿ ನೋಡಬೇಕು ಅನಸ್ತೈತಿ."

ಪರೀಕ್ಷೆ ನಡೆದಿವೆ ಅವ್ವಾ, ಗುರುವಾರ ಮುಗಿಯುತ್ತವೆ, ಶುಕ್ರವಾರ ನಾನೇ ವಿಮಾನ ಹತ್ತಿಸುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆತು ಬಿಡು. ಬರಾಕ ಆಗದಿದ್ರ ದನಿ ಆದ್ರೂ ಕೇಳಸು. ರಾತ್ರಿ ಫೋನ್ ಹಚ್ಚಂತ ಹೇಳು, ನಾ ಎದ್ದಿರ್ತೀನಿ" ಎಂದಳು.

ನಾನು ಹೂಂ ಎಂದೆ. ಸಂಜೆ ನೀನು ಬಂದೆ. ಮುಖ ಬಾಡಿತ್ತು, ಪೇಪರ್ ಕಷ್ಟವಿತ್ತು ಎಂದೆ. ಇನ್ನೆರಡು ಉಳಿದಿವೆ, ಫೇಲಾದರೆ ವೀಸಾ ಹೋಗುತ್ತದೆ ಎಂದೂ ನೀನೇ ಅಂದೆ. ಅವಳ ದನಿ ಕೇಳಿದರೆ ನೀನು ಆ ರಾತ್ರಿಯೇ ಚೀಲ ಕಟ್ಟುತ್ತೀ ಎಂದು ನನಗೆ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಂಗಳವಾರವೂ ಅದನ್ನೇ ಅಂದುಕೊಂಡೆ. ಬುಧವಾರ ಮುಗಿದೇಹೋಯಿತು. ಸೋಮವಾರವೇ ಹೊರಟಿದ್ದರೆ ನೀನು ಅವಳ ಮುಖ ನೋಡುತ್ತಿದ್ದೆ. ಫೋನ್ ಮಾಡಿದ್ದರೆ ಅವಳು ನಿನ್ನ ದನಿಯಾದರೂ ಕೇಳುತ್ತಿದ್ದಳು. ಎರಡನ್ನೂ ತಪ್ಪಿಸಿದವನು ನಾನು.

ಅವಳು ಕೇಳಿದ್ದಳು, ಮೋಹ್ಯಾ. ನಿನ್ನನ್ನೇ ಕೇಳಿದ್ದಳು. ನಿನ್ನನ್ನೊಬ್ಬನನ್ನೇ.

ಇನ್ನು ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿದಿಲ್ಲ. ಕ್ಷಮಿಸು ಎನ್ನಲು ಬಾಯಿಲ್ಲ, ಆದರೂ ಅನ್ನುತ್ತಿದ್ದೇನೆ.

ಮಂಜುನಾಥ


ಹ್ಯಾಮಿಲ್ಟನ್
3 ಡಿಸೆಂಬರ್ 2017

ಮಂಜ್ಯಾ,

ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಮೊದಲ ವಾರ ನಾನು ಲ್ಯಾಬಿನ ಕೆಲಸಕ್ಕೆ ಹೋಗಲಿಲ್ಲ. ನೀನು ಎದುರಿಗಿದ್ದಿದ್ದರೆ ಹೊಡೆಯುತ್ತಿದ್ದೆ. ಖರೇ ಹೇಳುತ್ತೇನೆ, ಎರಡು ಸಲ ಕಾರಿನ ಕೀ ಹಿಡಿದುಕೊಂಡು ಹೊರಗೆ ಬಂದಿದ್ದೆ.

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ನಮ್ಮಿಬ್ಬರಿಗೂ ಸಾಕು.

ಆದರೆ ಒಂದು ವಿಷಯದಲ್ಲಿ ನಾನೂ ನಿನಗೆ ಸುಳ್ಳು ಬರೆದಿದ್ದೆ. ಅವ್ವ ಯಾರನ್ನೂ ಕೇಳಲಿಲ್ಲ ಎಂಬುದು ನನಗೆ ಸಮಾಧಾನ ಎಂದೆನಲ್ಲ, ಅದು ಸಮಾಧಾನವಾಗಿರಲಿಲ್ಲ. ಆರು ವರ್ಷ ಒಳಗೊಳಗೆ ಸುಟ್ಟದ್ದು ಅದೇ. ಹೆತ್ತವಳು ಹೋಗುವಾಗ ನನ್ನ ಹೆಸರೆತ್ತಲಿಲ್ಲವಲ್ಲ, ಅಷ್ಟು ದೂರ ಬಂದುಬಿಟ್ಟೆನೇ ಎಂದು. ರಮಾಗೂ ಇದನ್ನು ಹೇಳಿರಲಿಲ್ಲ. ಮೊನ್ನೆ ಹೇಳಿ ಅತ್ತೆ. ಅವಳು ನಿನ್ನ ಪತ್ರ ತಂದು ಆ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಅವಳು ಮೈಸೂರಿನವಳು, ಅವ್ವನ ಮಾತು ಅವಳ ಬಾಯಲ್ಲಿ ಬರಲಿಲ್ಲ. ನಾನು ಓದಿದೆ. ಅರ್ಧಕ್ಕೇ ಪತ್ರ ಮಡಿಚಿಟ್ಟೆ.

ಅವಳ ಕೊನೆಯ ಮಾತು ಕೇಳಿದವನು ಈ ಲೋಕದಲ್ಲಿ ನೀನೊಬ್ಬನೇ. ನಿನ್ನನ್ನು ಬಿಟ್ಟರೆ ಅದು ನನಗೆ ಬೇರೆಲ್ಲೂ ಸಿಗುವುದಿಲ್ಲ, ಏನು ಮಾಡಲಿ.

ಬರುವ ಭಾನುವಾರ ಬರುತ್ತೇನೆ. ಬೈಯುವುದು ಬಹಳ ಇದೆ, ಪೂರ್ವಿಯ ಎದುರಿಗೆ ಬೈಯುವುದಿಲ್ಲ, ಅವಳನ್ನೂ ಕೃಪಾಳನ್ನೂ ರಮಾ ಹೊರಗೆ ಕರೆದುಕೊಂಡು ಹೋಗುತ್ತಾಳೆ. ಬೈದು ಮುಗಿದ ಮೇಲೆ ನೀನು ನನ್ನ ಎದುರಿಗೆ ಕೂತು, ಅವ್ವ ಅಂದದ್ದನ್ನು ಅವಳು ಅಂದ ಹಾಗೇ ಬಾಯಿಂದ ಹೇಳು, ಅವಳು ಸುಮ್ಮನಿದ್ದಷ್ಟು ಹೊತ್ತು ನೀನೂ ಸುಮ್ಮನಿರು, ನಾನು ಅತ್ತರೆ ಎದ್ದು ಹೋಗಬೇಡ.

ಮೋಹ್ಯಾ